ಸಂಘ ಉಳಿಸುವುದು ದಾನಿಯಲ್ಲ, ಲೆಕ್ಕದ ಪುಸ್ತಕ

ಹಂದನಕೆರೆಯಲ್ಲಿ ಕೇಳಿ, ಹುಳಿಯಾರಿನಲ್ಲಿ ಕೇಳಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕೇಳಿ, ತುರುವೇಕೆರೆಯಲ್ಲಿ ಕೇಳಿ. ನಮ್ಮ ಕಡೆಯ ಆಟಗಾರರು ಯಾಕೆ ಮೇಲೆ ಬರಲಿಲ್ಲ, ಅಷ್ಟು ಜೋರಾಗಿದ್ದ ಕಬಡ್ಡಿ ಸಂಘ ಯಾಕೆ ಮುಚ್ಚಿಹೋಯಿತು ಎಂದರೆ ಸಿಗುವ ಉತ್ತರ ಒಂದೇ: “ದುಡ್ಡು ಹಾಕೋರು ಇರಲಿಲ್ಲ.” ಅದರ ಬೆನ್ನಿಗೇ ಇನ್ನೊಂದು ಮಾತು: “ಒಬ್ಬ ದೊಡ್ಡ ಮನುಷ್ಯ ಹಿಂದೆ ನಿಂತಿದ್ದರೆ ನಮ್ಮ ಹುಡುಗರು ಎಲ್ಲಿಗೋ ಹೋಗೋರು.” ಆಡಿದವರೂ ಇದನ್ನೇ ನಂಬಿದ್ದಾರೆ, ಆಡಿಸಿದವರೂ ನಂಬಿದ್ದಾರೆ. ಮಕ್ಕಳನ್ನು ಮೈದಾನಕ್ಕೆ ಕಳಿಸದ ತಂದೆತಾಯಿಯರೂ, ವೇದಿಕೆ ಹತ್ತುವ ಮುಖಂಡರೂ ಇದನ್ನೇ ಹೇಳುತ್ತಾರೆ. ಇಷ್ಟು ಜನ ಒಪ್ಪಿದ್ದಾರೆಂದ ಮಾತ್ರಕ್ಕೆ ಇದು ನಿಜವಾಗುವುದಿಲ್ಲ. ಇದು ಸುಳ್ಳು. ಅಷ್ಟೇ ಅಲ್ಲ, ನಮ್ಮ ಕ್ರೀಡಾ ಸಂಘಗಳನ್ನು ಒಂದೊಂದಾಗಿ ಕೊಂದಿರುವುದೇ ಈ ನಂಬಿಕೆ.

ನಮ್ಮ ಹಳ್ಳಿಗಳಲ್ಲಿ ಸಂಘ ಹುಟ್ಟುವ ಬಗೆಯನ್ನು ನೋಡಿ. ಚುನಾವಣೆ ಹತ್ತಿರವಾದಾಗಲೋ ರಾಜ್ಯೋತ್ಸವಕ್ಕೋ ಜಾತ್ರೆಗೋ ಹತ್ತು ಹುಡುಗರು ಸೇರುತ್ತಾರೆ. ಒಂದು ಹೆಸರಿಡುತ್ತಾರೆ, ಟೀಶರ್ಟ್ ಮಾಡಿಸುತ್ತಾರೆ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂದು ಫ್ಲೆಕ್ಸ್ ಕಟ್ಟುತ್ತಾರೆ. ಫ್ಲೆಕ್ಸ್ ತುಂಬ ದಾನಿಗಳ ಮುಖ. ಮೊದಲ ಬಹುಮಾನ ಒಬ್ಬರದು, ಎರಡನೆಯದು ಇನ್ನೊಬ್ಬರದು, ಟ್ರೋಫಿ ಮತ್ತೊಬ್ಬರದು, ಊಟದ ಖರ್ಚು ಮಗದೊಬ್ಬರದು. ಸಂಜೆ ಏಳಕ್ಕೆ ಪಂದ್ಯ ಎಂದರೆ ಶಾಲು, ಹಾರ, ಭಾಷಣ ಮುಗಿದು ಮೊದಲ ರೈಡ್‌ಗೆ ಹೋಗುವ ಹೊತ್ತಿಗೆ ಹತ್ತು ದಾಟಿರುತ್ತದೆ. ಬಹುಮಾನದ ಮೊತ್ತ ದೊಡ್ಡದು ಎಂಬ ಕಾರಣಕ್ಕೆ ಗೆಲ್ಲಲು ಹೊರಗಿನಿಂದ ಆಟಗಾರರನ್ನು ಕರೆಸುತ್ತಾರೆ. ಊರಿನ ಹುಡುಗರು ಕುರ್ಚಿ ಹಾಕುತ್ತಾರೆ, ನೀರಿನ ಕ್ಯಾನ್ ಹೊರುತ್ತಾರೆ. ಬೆಳಗಿನ ಜಾವ ಫೈನಲ್ ಮುಗಿಯುತ್ತದೆ. ಅಲ್ಲಿಂದ ಮುಂದಿನ ವರ್ಷದವರೆಗೆ ಸಂಘಕ್ಕೆ ಕೆಲಸವಿಲ್ಲ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಬರೆದಿಟ್ಟವರಿಲ್ಲ. ಕೇಳಿದವನು ಜಗಳಗಂಟ ಎನಿಸಿಕೊಳ್ಳುತ್ತಾನೆ. ಎರಡನೇ ವರ್ಷಕ್ಕೆ ಸಂಘ ಎರಡಾಗುತ್ತದೆ, ಮೂರನೇ ವರ್ಷಕ್ಕೆ ಇಲ್ಲವಾಗುತ್ತದೆ. ಆಗ ಎಲ್ಲರೂ ಸೇರಿ ಹೇಳುತ್ತಾರೆ, ದುಡ್ಡು ಹಾಕೋರು ಇರಲಿಲ್ಲ ಎಂದು. ದುಡ್ಡು ಬಂದಿತ್ತಲ್ಲ! ಬಂದ ದುಡ್ಡಿಗೆ ಲೆಕ್ಕ ಇರಲಿಲ್ಲ, ಅದು ಹೋದ ಕಡೆ ಊರಿನ ಮಕ್ಕಳು ಇರಲಿಲ್ಲ.

ಹಣವೇ ಎಲ್ಲಕ್ಕೂ ಮೂಲ ಎನ್ನುವವರು ನಮ್ಮದೇ ಸೀಮೆಯ ಇತ್ತೀಚಿನ ಎರಡು ಮೂರು ವರ್ಷಗಳನ್ನು ನೆನಪಿಸಿಕೊಳ್ಳಲಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಲ್‌ಗೆ 10,000 ರೂಪಾಯಿಗಿಂತ ಕೆಳಗೆ ಬಿದ್ದಿತ್ತು. ಬೆಂಬಲ ಬೆಲೆ 11,750 ಇದ್ದರೂ ಅದು ಕೈಗೆ ಸಿಗದೆ ರೈತರು ನಾಫೆಡ್ ಕೇಂದ್ರಗಳ ಮುಂದೆ ಸಾಲು ನಿಂತರು. ಅದೇ ಕೊಬ್ಬರಿ 2025ರಲ್ಲಿ 25,000 ದಾಟಿತು. ಅಟ್ಟದಲ್ಲಿ ಕಾಯಿ ಉಳಿಸಿಕೊಂಡಿದ್ದವರ ಕೈಗೆ ಎರಡೂವರೆ ಪಟ್ಟು ಹಣ ಬಂತು. ಹಣದ ಕೊರತೆಯೇ ಅಡ್ಡಿಯಾಗಿದ್ದರೆ ಆ ವರ್ಷ ನಮ್ಮ ಹೋಬಳಿಗಳಲ್ಲಿ ಹತ್ತಾರು ಕಡೆ ಮಕ್ಕಳ ಸಂಜೆ ಅಭ್ಯಾಸ ಶುರುವಾಗಬೇಕಿತ್ತು. ಹಾಗಾದದ್ದನ್ನು ನಾನು ಕಾಣೆ. ನಾವು ಕಂಡದ್ದು ಇನ್ನೂ ದೊಡ್ಡ ಫ್ಲೆಕ್ಸ್‌ಗಳನ್ನು.

ಊರಿನ ಮಾತು ಬಿಡಿ, ದೊಡ್ಡ ತಂಡಗಳೆಲ್ಲ ದುಡ್ಡಿನಿಂದಲೇ ತಾನೇ ಗೆಲ್ಲುವುದು ಎನ್ನುವವರಿದ್ದಾರೆ. ಹಾಗಾದರೆ ನಾವೆಲ್ಲ ಎದೆಗೆ ಹಚ್ಚಿಕೊಂಡಿರುವ ತಂಡವನ್ನೇ ತೆಗೆದುಕೊಳ್ಳೋಣ. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡ 11.16 ಕೋಟಿ ಡಾಲರ್‌ಗೆ ಹೋಯಿತು. ಮುಂಬೈ ಬಿಟ್ಟರೆ ಅದೇ ಅತಿ ದುಬಾರಿ. ಎಂಟು ತಂಡಗಳಲ್ಲಿ ಅತಿ ಅಗ್ಗವಾಗಿದ್ದದ್ದು 6.7 ಕೋಟಿ ಡಾಲರ್‌ನ ರಾಜಸ್ಥಾನ. ಆ ಮೊದಲ ವರ್ಷ ಕಪ್ ಎತ್ತಿದ್ದು ರಾಜಸ್ಥಾನ, ಬೆಂಗಳೂರು ಏಳನೇ ಸ್ಥಾನದಲ್ಲಿತ್ತು. 2013ರಲ್ಲಿ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದರು. ಗೇಲ್ ಒಂದೇ ಪಂದ್ಯದಲ್ಲಿ 175 ರನ್ ಹೊಡೆದರು. ತಂಡ ಪ್ಲೇಆಫ್ ತಲುಪಲಿಲ್ಲ. 2014ರಲ್ಲಿ 14 ಕೋಟಿ ರೂಪಾಯಿ ಕೊಟ್ಟು ಯುವರಾಜ್ ಸಿಂಗ್ ಅವರನ್ನು ಕೊಂಡರು, ಮತ್ತೆ ಏಳನೇ ಸ್ಥಾನ. 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಗಳಿಸಿದರು, ಫೈನಲ್‌ನಲ್ಲಿ 8 ರನ್‌ಗಳಿಂದ ಸೋತರು. ಮರುವರ್ಷ ತಂಡ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. “ಈ ಸಲ ಕಪ್ ನಮ್ದೇ” ಎಂದು ನಾವು ಕೂಗಿದ್ದೇ ಕೂಗಿದ್ದು.

ಕಪ್ ಬಂದದ್ದು 18ನೇ ಆವೃತ್ತಿಯಲ್ಲಿ, 2025ರ ಜೂನ್ 3ರಂದು. ಆ ವರ್ಷ ತಂಡಕ್ಕೆ ಹೆಚ್ಚು ಹಣ ಬಂದಿತ್ತೇ? ಇಲ್ಲ. ಹತ್ತು ತಂಡಗಳಿಗೂ ಆಟಗಾರರನ್ನು ಕೊಳ್ಳಲು ಇದ್ದ ಹರಾಜು ಹಣದ ಮಿತಿ ಒಂದೇ, 120 ಕೋಟಿ. ಬದಲಾದದ್ದು ಹಣ ಹಂಚಿದ ರೀತಿ. ಒಂದೆರಡು ದೊಡ್ಡ ಹೆಸರುಗಳ ಹಿಂದೆ ಓಡುವುದನ್ನು ಬಿಟ್ಟು ಹೇಜಲ್‌ವುಡ್, ಭುವನೇಶ್ವರ್ ಅಂಥ ಬೌಲರ್‌ಗಳ ಮೇಲೆ ಹಾಕಿದರು. ಫೈನಲ್‌ನ ಪಂದ್ಯಶ್ರೇಷ್ಠ 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ. ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ಇದೇ ಹಣ, ಇದೇ ಅಭಿಮಾನಿಗಳು, ಇದೇ ಕೊಹ್ಲಿ ಹಿಂದೆಯೂ ಇದ್ದರು. ತಂಡದ ಅಗತ್ಯವನ್ನು ಕೂತು ಯೋಚಿಸುವ ವ್ಯವಸ್ಥೆ ಇರಲಿಲ್ಲ.

ಗೆದ್ದ ಮರುದಿನವೇ ಇನ್ನೊಂದು ಪಾಠವಾಯಿತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನಡೆದ ಕಾಲ್ತುಳಿತದಲ್ಲಿ 11 ಜನ ಸತ್ತರು. ಕಪ್ ಎತ್ತಿ ಇಪ್ಪತ್ತನಾಲ್ಕು ಗಂಟೆ ಕಳೆಯುವ ಮೊದಲೇ ಸನ್ಮಾನ ಆಗಲೇಬೇಕೆಂಬ ಆತುರ. ವಿಧಾನಸೌಧದ ಮೆಟ್ಟಿಲ ಮೇಲೊಂದು ವೇದಿಕೆ, ಕ್ರೀಡಾಂಗಣದಲ್ಲಿ ಇನ್ನೊಂದು. ಬರುವ ಜನ ಎಷ್ಟು, ಬಾಗಿಲು ಎಷ್ಟು, ಕಾಯುವವರು ಯಾರು ಎಂಬ ಲೆಕ್ಕ ಹಾಕಬೇಕಾದವರು ಹಾಕಲಿಲ್ಲ. ಹಣಕ್ಕೆ ಅಂದು ಕೊರತೆ ಇತ್ತೇ? ನಾಯಕರಿಗೆ ಕೊರತೆ ಇತ್ತೇ? ನಮ್ಮ ಹಳ್ಳಿಯ ಪಂದ್ಯಾವಳಿಗಳಲ್ಲಿ ಆಟಕ್ಕಿಂತ ವೇದಿಕೆ ದೊಡ್ಡದಾಗುವ ಕಾಯಿಲೆಯೇ ಅಲ್ಲಿಯೂ ಇತ್ತು. ಅಲ್ಲಿ ಅದು ಜೀವ ತೆಗೆಯಿತು.

ಕಬಡ್ಡಿಯ ಕಥೆ ಇನ್ನೂ ಸ್ಪಷ್ಟ. 1990ರಲ್ಲಿ ಬೀಜಿಂಗ್‌ನಲ್ಲಿ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದಾಗಿನಿಂದ 2014ರವರೆಗೆ ನಮ್ಮ ಪುರುಷರು ಏಳಕ್ಕೆ ಏಳು ಚಿನ್ನ ತಂದರು. ಆ ಕಾಲದ ಬಹುಪಾಲು ಮಣ್ಣಿನ ಅಂಕಣದ ಕಾಲ, ಬಡತನದ ಕಾಲ. 2014ರಲ್ಲಿ ಪ್ರೊ ಕಬಡ್ಡಿ ಬಂತು. ಟಿ.ವಿ. ಬಂತು, ಹರಾಜು ಬಂತು, ಹಿಂದೆ ಯಾರೂ ಕಾಣದಷ್ಟು ಹಣ ಬಂತು. ಆ ಹಣ ಆಟಗಾರರ ಮನೆಗಳಿಗೆ ಬೆಳಕು ತಂದಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕೇ ವರ್ಷಕ್ಕೆ, 2018ರ ಆಗಸ್ಟ್‌ನಲ್ಲಿ, ಜಕಾರ್ತದಲ್ಲಿ ಪುರುಷರು ಸೆಮಿಫೈನಲ್‌ನಲ್ಲಿ ಇರಾನ್‌ಗೆ ಸೋತರು, ಮಹಿಳೆಯರು ಫೈನಲ್‌ನಲ್ಲಿ ಇರಾನ್‌ಗೇ ಸೋತರು. ಗೆದ್ದ ಇರಾನ್ ಮಹಿಳೆಯರ ತರಬೇತುದಾರರು ನಾಸಿಕ್‌ನ ಶೈಲಜಾ ಜೈನ್. ನಮ್ಮ ಮನೆಯ ವಿದ್ಯೆಯನ್ನು ಪಕ್ಕದವರು ಕರೆದು ಕೂರಿಸಿ ಕಲಿತರು.

ಅದೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ನೀಡಿದ ತೀರ್ಪನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಕಬಡ್ಡಿ ಫೆಡರೇಷನ್‌ಗೆ ಜನಾರ್ದನ್ ಸಿಂಗ್ ಗೆಹ್ಲೋಟ್ 28 ವರ್ಷ ಅಧ್ಯಕ್ಷರಾಗಿದ್ದರು. ಅವರ ನಂತರ ಆ ಕುರ್ಚಿಗೆ ಬಂದವರು ಅವರ ಪತ್ನಿ. ನ್ಯಾಯಾಲಯ ಆ ಆಯ್ಕೆಯನ್ನು ರದ್ದುಪಡಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. ಜಕಾರ್ತದ ಸೋಲಿಗೆ ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ಎರಡೂ ಚಿನ್ನ ಮರಳಿ ಬಂದವು ಎಂಬುದೂ ನಿಜ. ಆದರೆ ದುಡ್ಡು ಮತ್ತು ದೊಡ್ಡ ಮನುಷ್ಯ ಎರಡೂ ಇದ್ದರೆ ಸಾಕು ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಕಬಡ್ಡಿಗೆ ಎರಡೂ ಇದ್ದವು. ಸೋಲು ಬಂದದ್ದು ಎರಡೂ ತುಂಬಿ ತುಳುಕುತ್ತಿದ್ದಾಗ.

ಕುರ್ಚಿ ಬಿಡದವರ ಹಟದ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಫುಟ್‌ಬಾಲ್ ತೋರಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅವಧಿ ಮುಗಿದರೂ ಚುನಾವಣೆ ನಡೆಯಲಿಲ್ಲ. ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ನೇಮಿಸಬೇಕಾಯಿತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನೇ ಅಮಾನತು ಮಾಡಿತು. ಅಮಾನತು ಎರಡು ವಾರದೊಳಗೆ ತೆರವಾಯಿತು. ಆದರೆ ಏಷ್ಯನ್ ಕ್ಲಬ್ ಚಾಂಪಿಯನ್‌ಷಿಪ್ ಆಡಲೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ಕ್ಲಬ್‌ನ ಹೆಣ್ಣುಮಕ್ಕಳು ಅಂಗಳಕ್ಕೆ ಇಳಿಯದೆ ಹಿಂತಿರುಗಿದರು.

ಈಗ ಗೆದ್ದವರ ಕಡೆ ನೋಡಿ. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಮದುವೆ ಇದ್ದ ದಿನ ಅಲ್ಲಿ ಆಟವಿಲ್ಲ. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿ ನಡೆಸಿದವರು. ಆ ಸಭಾಂಗಣದಿಂದ ಎದ್ದ ಪ್ರಕಾಶ್ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವರು ಗೆಲುವನ್ನು ಶೋಕೇಸಿನಲ್ಲಿಟ್ಟು ಕೂರಲಿಲ್ಲ. 1994ರಲ್ಲಿ ವಿಮಲ್ ಕುಮಾರ್ ಮತ್ತಿತರರ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ಮುಂದೆ ತಮ್ಮ ಮನೆಯನ್ನೇ ಅಡವಿಟ್ಟು ಹೈದರಾಬಾದಿನಲ್ಲಿ ಅಕಾಡೆಮಿ ಕಟ್ಟಿದರು. ಸೈನಾ, ಸಿಂಧು ಬೆಳೆದದ್ದು ಅವರ ಕೈಯಲ್ಲಿ. ಮದುವೆ ಮನೆಯ ನೆಲದಿಂದ ಒಲಿಂಪಿಕ್ ಪದಕದವರೆಗೆ ಒಂದೇ ದಾರಿ ಹರಿದು ಬಂದಿದೆ. ಆ ದಾರಿಯುದ್ದಕ್ಕೂ ಇರುವುದು ದಿನವೂ ಕಲಿಸುವ ಒಬ್ಬರು, ಕಲಿತು ಮುಂದಿನವರಿಗೆ ಕಲಿಸುವ ಇನ್ನೊಬ್ಬರು. ಹಣ ಬಂತು, ಆದರೆ ಕೆಲಸದ ಹಿಂದೆ ಬಂತು.

ಕೊಡಗಿಗೆ ಹೋಗಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಪ್ರವಾಹ, ಕೋವಿಡ್‌ಗಳಿಂದ ಕೆಲವು ವರ್ಷ ನಿಂತಿದ್ದ ಹಬ್ಬ ಮತ್ತೆ ಎದ್ದು ನಿಂತಿತು. ಯಾಕೆ ಎದ್ದಿತು? ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಮುಗಿದ ಮೇಲೆ ಇನ್ನೊಂದಕ್ಕೆ ಒಪ್ಪಿಸುತ್ತದೆ. ಶುರು ಮಾಡಿದವರು ಅದನ್ನು ತಮ್ಮ ಮನೆಯ ಆಸ್ತಿ ಮಾಡಿಕೊಳ್ಳಲಿಲ್ಲ. ಸರ್ಕಾರದ ಅನುದಾನ, ಪ್ರಾಯೋಜಕರು ಈಗ ಅಲ್ಲಿಯೂ ಇದ್ದಾರೆ. ಅವರು ಬಂದದ್ದು ಹಬ್ಬ ಬೇರೂರಿದ ಮೇಲೆ. “ಅವರದು ಕುಟುಂಬದ ಕಟ್ಟು, ನಮ್ಮಲ್ಲಿ ಅದಿಲ್ಲ” ಎಂದು ಕೆಲವರು ಹೇಳುತ್ತಾರೆ. ನಮ್ಮಲ್ಲಿ ಊರಿಲ್ಲವೇ? ಈ ವರ್ಷ ಹಂದನಕೆರೆ, ಮುಂದಿನ ವರ್ಷ ಕಂದಿಕೆರೆ, ಆಮೇಲೆ ಶೆಟ್ಟಿಕೆರೆ ಎಂದು ಸರದಿ ಹಾಕಿಕೊಳ್ಳಲು ಯಾವ ಕಾನೂನು ಅಡ್ಡ ಬಂದಿದೆ?

ಇನ್ನೂ ಹತ್ತಿರದ ಮಾತು ಬೇಕೆಂದರೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಇದೆ. ಆ ಹಳ್ಳಿಯ ರೈತರ ಮಗಳು ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿ, ಫೈನಲ್‌ನ ಶ್ರೇಷ್ಠ ಆಟಗಾರ್ತಿಯಾದರು. ಖೊಖೊಗೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ನೆಲ, ಸೀಟಿ ಊದಿ ನಿಲ್ಲಿಸಿ ಕಲಿಸುವ ಒಬ್ಬ ಮೇಷ್ಟ್ರು. ಗೆದ್ದ ಮೇಲೆ ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ಸಾಲದೆಂದು ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅದನ್ನು ನಿರಾಕರಿಸಿದರು. ಅವರ ಅಸಮಾಧಾನ ನ್ಯಾಯವಾದದ್ದೇ, ಗೆದ್ದವರಿಗೆ ಗೌರವ ಸಲ್ಲಲೇಬೇಕು. ಆದರೆ ಕ್ರಮವನ್ನು ಗಮನಿಸಿ. ಮೊದಲು ಅಂಗಳ, ಆಮೇಲೆ ವಿಶ್ವಕಪ್, ಎಲ್ಲಕ್ಕೂ ಕೊನೆಗೆ ದುಡ್ಡಿನ ಮಾತು.

ಹಾಗಾದರೆ ಉಳಿಯುವ ಸಂಸ್ಥೆಗೂ ಅಳಿಯುವ ಸಂಸ್ಥೆಗೂ ಇರುವ ವ್ಯತ್ಯಾಸ ಯಾವುದು? ಅದು ಯಾರಿಗೆ ಉತ್ತರ ಕೊಡಬೇಕಾಗಿದೆ ಎಂಬುದು. ಉಳಿಯುವ ಸಂಸ್ಥೆ ಆಡುವವರಿಗೆ ಉತ್ತರ ಕೊಡುತ್ತದೆ: ಇಂದು ಅಭ್ಯಾಸ ಇದೆಯೇ, ನನ್ನನ್ನು ತಂಡದಿಂದ ಯಾಕೆ ಬಿಟ್ಟಿರಿ, ಚಂದಾ ಹಣ ಎಲ್ಲಿ ಹೋಯಿತು. ಅಳಿಯುವ ಸಂಸ್ಥೆ ಕೊಟ್ಟವರಿಗೆ ಉತ್ತರ ಕೊಡುತ್ತದೆ: ಫ್ಲೆಕ್ಸಿನಲ್ಲಿ ನಿಮ್ಮ ಫೋಟೊ ಎಷ್ಟು ದೊಡ್ಡದು, ನಿಮಗೆ ಎಷ್ಟನೇ ಕುರ್ಚಿ. ಲೆಕ್ಕ ಬರೆಯುವುದು, ಅವಧಿಗೆ ಸರಿಯಾಗಿ ಕುರ್ಚಿ ಬಿಡುವುದು, ಕಲಿಸುವವರನ್ನು ವರ್ಷವಿಡೀ ಉಳಿಸಿಕೊಳ್ಳುವುದು, ಎಲ್ಲವೂ ಈ ಒಂದು ಹೊಣೆಯಿಂದ ಹುಟ್ಟುವಂಥವು. ಆ ಹೊಣೆ ಇಲ್ಲದ ಕಡೆ ದುಡ್ಡು ಬಂದಷ್ಟೂ ಸಂಘ ಬೇಗ ಒಡೆಯುತ್ತದೆ, ಯಾಕೆಂದರೆ ಜಗಳಕ್ಕೆ ಕಾರಣ ದೊಡ್ಡದಾಗುತ್ತದೆ.

ನಮ್ಮ ಜನಕ್ಕೆ ಸಂಸ್ಥೆ ನಡೆಸಲು ಬರುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಊರೂರಿನ ಹಾಲಿನ ಡೇರಿ ನೋಡಿ. ಬೆಳಿಗ್ಗೆ ಸಂಜೆ ಎರಡು ಹೊತ್ತು, ಹಬ್ಬವಿರಲಿ ಸಾವಿರಲಿ, ಬಾಗಿಲು ತೆರೆಯುತ್ತದೆ. ಎಮ್ಮೆ ಒಂದೇ ಇರುವ ವಿಧವೆಯ ಹಾಲನ್ನೂ ಹತ್ತು ಹಸು ಇರುವವರ ಹಾಲನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಬಟವಾಡೆ ತಡವಾದರೆ ಕೇಳುವ ಹಕ್ಕು ಎಲ್ಲರಿಗೂ ಇದೆ. ವರ್ಷಕ್ಕೊಮ್ಮೆ ಆಡಿಟ್, ಸಾಮಾನ್ಯ ಸಭೆ, ಅವಧಿ ಮುಗಿದರೆ ಆಡಳಿತ ಮಂಡಳಿಗೆ ಚುನಾವಣೆ. ಜಗಳವೂ ನಡೆಯುತ್ತದೆ, ರಾಜಕೀಯವೂ ನಡೆಯುತ್ತದೆ. ಆದರೂ ಡೇರಿ ಮುಚ್ಚುವುದಿಲ್ಲ, ಯಾಕೆಂದರೆ ಅದು ದಿನವೂ ಹಾಲು ಹಾಕುವವರದು. ಡೇರಿಯನ್ನು ಇಷ್ಟು ಶಿಸ್ತಿನಿಂದ ನಡೆಸುವ ಊರಿನವರೇ ಕಬಡ್ಡಿ ಸಂಘವನ್ನು ಒಂದು ರಾತ್ರಿಯ ತಮಾಷೆ ಮಾಡಿಕೊಂಡಿದ್ದೇವೆ. ನಮಗೆ ಶಕ್ತಿ ಇಲ್ಲದೆ ಹೀಗಾಗಿಲ್ಲ. ಆಟವನ್ನು ಅಷ್ಟು ಗಂಭೀರವಾದ ಕೆಲಸವೆಂದು ನಾವು ಭಾವಿಸಿಲ್ಲ.

ಎದುರು ಮಾತುಗಳಿಗೆ ಉತ್ತರ ಕೊಡಬೇಕು. “ಹಣವಿಲ್ಲದೆ ಶೂ ಎಲ್ಲಿಂದ, ಮೊಟ್ಟೆ ಎಲ್ಲಿಂದ, ಬೆಂಗಳೂರಿಗೆ ಹೋಗಲು ಬಸ್ ಚಾರ್ಜ್ ಎಲ್ಲಿಂದ?” ನ್ಯಾಯವಾದ ಪ್ರಶ್ನೆ. ಬಡ ಮನೆಯ ಮಗುವಿಗೆ ಇವೆಲ್ಲ ಬೇಕು, ಕೊಡಲೇಬೇಕು. ಆದರೆ ಒಂದು ರಾತ್ರಿಯ ಪೆಂಡಾಲ್, ಸೌಂಡ್, ಶಾಲು, ಟ್ರೋಫಿಗಳಿಗೆ ಸುರಿಯುವ ಹಣವನ್ನೇ ಹನ್ನೆರಡು ತಿಂಗಳಿಗೆ ಹಂಚಿದರೆ ಇಪ್ಪತ್ತು ಮಕ್ಕಳ ಮೊಟ್ಟೆ, ಶೂ ನಡೆಯುತ್ತದೆ. ಹಣ ಬೇಡ ಎಂದು ನಾನು ಹೇಳುತ್ತಿಲ್ಲ, ಹಣ ಮೊದಲು ಎನ್ನುವುದನ್ನು ವಿರೋಧಿಸುತ್ತಿದ್ದೇನೆ.

“ಶಾಸಕರಿಲ್ಲದೆ, ಮುಖಂಡರಿಲ್ಲದೆ ಮೈದಾನವೇ ಸಿಗುವುದಿಲ್ಲ.” ಇದೂ ಅರ್ಧ ನಿಜ. ಮೈದಾನಕ್ಕೆ ಜಾಗ, ಬೇಲಿ, ಶೌಚಾಲಯ, ದೈಹಿಕ ಶಿಕ್ಷಕರ ನೇಮಕ, ಇವು ಸರ್ಕಾರದ ಕೆಲಸ. ಶಾಸಕರ ಬಳಿ, ಪಂಚಾಯಿತಿಯ ಬಳಿ ಗಟ್ಟಿಯಾಗಿ ಕೇಳಬೇಕು, ಕೇಳುವುದು ಪ್ರಜೆಯ ಹಕ್ಕು. ಕೇಳಲು ಹೋದವರು ಕೊಟ್ಟವರನ್ನೇ ಗೌರವಾಧ್ಯಕ್ಷರನ್ನಾಗಿ ಮಾಡಿ ಸಂಘವನ್ನು ಅವರ ಪಕ್ಷದ ಘಟಕವಾಗಿಸಿಬಿಡುವುದು ತಪ್ಪು. ಅವರು ಸೋತ ದಿನ ಸಂಘವೂ ಸೋಲುತ್ತದೆ. ಗೆದ್ದ ಎದುರು ಪಕ್ಷದವರು ಇನ್ನೊಂದು ಸಂಘ ಹುಟ್ಟಿಸುತ್ತಾರೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಗೆ ಒಪ್ಪಿಗೆ ಕೊಟ್ಟು ಅದು ಕಾಯ್ದೆಯಾಗಿದೆ. ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳಲ್ಲಿ ಆಟಗಾರರಿಗೆ, ಮಹಿಳೆಯರಿಗೆ ಜಾಗ ಮೀಸಲಿಡಬೇಕೆಂದು ಅದು ಹೇಳುತ್ತದೆ. ಆ ಕಾಯ್ದೆ ಹಂದನಕೆರೆಯವರೆಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಯಾಕೆಂದರೆ ನೋಂದಾಯಿತ ಸಂಘ ಪ್ರತಿ ವರ್ಷ ಲೆಕ್ಕಪತ್ರವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ಸಲ್ಲಿಸಬೇಕೆಂದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಿಂದಲೇ ಹೇಳುತ್ತಿದೆ. ನೋಂದಣಿ ಪತ್ರವನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗಿಸಿದವರು ಎಷ್ಟು ಮಂದಿ ಆ ಕಾಗದದ ಹಿಂದಿನ ಹೊಣೆಯನ್ನು ನೆನಪಿಟ್ಟುಕೊಂಡಿದ್ದಾರೆ?

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮ ಸರ್ಕಾರಿ ಶಾಲೆಗಳ ಹುಡುಗಿಯರು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಖೊಖೊ, ಥ್ರೋಬಾಲ್ ಆಡಿ ಗೆದ್ದು ತಾಲ್ಲೂಕಿಗೆ ಹೋಗುತ್ತಾರೆ. ಹತ್ತನೇ ತರಗತಿ ಮುಗಿಯಿತೆಂದರೆ ಅವರ ಆಟವೂ ಮುಗಿಯಿತು. ಊರಿನ ಯಾವ ಸಂಘವೂ ಅವರನ್ನು ಕರೆಯುವುದಿಲ್ಲ. ಯುವಕರ ಸಂಘ ಎಂದರೆ ಹುಡುಗರ ಸಂಘ ಎಂದೇ ನಡೆದುಬಂದಿದೆ. ರಾತ್ರಿ ಹತ್ತರ ಮೇಲೆ ಶುರುವಾಗಿ ಬೆಳಗಿನ ಜಾವ ಮುಗಿಯುವ ಪಂದ್ಯಾವಳಿಗೆ ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಸಂಜೆ ಐದಕ್ಕೆ ಶಾಲೆಯ ಅಂಗಳದಲ್ಲಿ ದಿನವೂ ಅಭ್ಯಾಸ ನಡೆಯುವಂತಿದ್ದರೆ ಕಳಿಸುತ್ತಾಳೆ. ಊರಿನ ಅರ್ಧ ಮಕ್ಕಳನ್ನು ಹೊರಗಿಟ್ಟ ಸಂಘಕ್ಕೆ ಪ್ರತಿಭೆ ಸಿಗಲಿಲ್ಲ ಎಂದು ಅಳುವ ಹಕ್ಕಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಸಲ ಯಾವುದಾದರೂ ಕ್ರೀಡಾ ಸಂಘದವರು ರಸೀದಿ ಪುಸ್ತಕ ಹಿಡಿದು ನಿಮ್ಮ ಮನೆ ಬಾಗಿಲಿಗೋ ಅಂಗಡಿಗೋ ಬಂದಾಗ ಬೈದು ಕಳಿಸಬೇಡಿ, ಕೂರಿಸಿ ನೀರು ಕೊಡಿ. ಕೊಟ್ಟು ಮೂರು ಮಾತು ಕೇಳಿ. ಹೋದ ವರ್ಷದ ಲೆಕ್ಕ ಎಲ್ಲಿ? ನಮ್ಮ ಊರಿನ ಮಕ್ಕಳಿಗೆ, ಹೆಣ್ಣುಮಕ್ಕಳೂ ಸೇರಿ, ವಾರದಲ್ಲಿ ಎಷ್ಟು ದಿನ ಯಾರು ಕಲಿಸುತ್ತಾರೆ? ನಿಮ್ಮ ಅಧ್ಯಕ್ಷರ ಅವಧಿ ಯಾವಾಗ ಮುಗಿಯುತ್ತದೆ? ಮೂರಕ್ಕೂ ನೇರ ಉತ್ತರ ಸಿಕ್ಕರೆ ಕೈಲಾದಷ್ಟು ಕೊಡಿ, ಸಂಜೆ ಹೋಗಿ ಅಂಗಳದ ಬದಿಯಲ್ಲಿ ನಿಂತು ನೋಡಿ ಬನ್ನಿ. ಸಿಗದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲೆಕ್ಕ ಬರೆದುಕೊಂಡು ಮತ್ತೆ ಬರಲಿ.